ರಾತ್ರಿ ತಂಗದ ಕೂಲಿ ಕಾಸು

ಹೂಂ ಅನ್ನೋರು ಹತ್ರ ಬನ್ನಿ, ಆಕಳಿಸೋರು ಗೋಡೆಗೆ ಒರಗಿ. ಅದೊಂದು ಊರು. ಯಾವ ಸೀಮೆ ಅಂತ ಕೇಳ್ಬೇಡಿ, ಹೇಳಿದ್ರೆ ಅಲ್ಲಿಯವರು ಜಗಳಕ್ಕೆ ಬರ್ತಾರೆ. ಆ ಊರಲ್ಲಿ ಎಲ್ಲರೂ ನೇಯೋರೇ. ಆದ್ರೆ ಒಬ್ಬರ ಮನೇಲೂ ಮಗ್ಗ ಇಲ್ಲ! ಇದ್ದಬದ್ದ ಮಗ್ಗ ಎಲ್ಲಾ ಸಾವ್ಕಾರ ಪುಟ್ಟನಂಜಪ್ಪಂದು. ಬೆಳಗಾದ್ರೆ ಅವನ ಹಜಾರಕ್ಕೆ ಹೋಗ್ಬೇಕು, ಲಾಳಿ ಎಸೀಬೇಕು, ವಾರಕ್ಕೊಂದು ಸಲ ಕೈಯೊಡ್ಡಿ ಕೂಲಿ ಇಸ್ಕೋಬೇಕು.

ಕೂಲಿ ಇಸ್ಕೊಂಡು ಮನೆಗೆ ಹೋಗೋ ಹಾಗಿತ್ತಾ? ಇರ್ಲಿಲ್ಲ. ಆ ಊರಲ್ಲಿ ಒಂದು ಕಟ್ಟಳೆ. ಕೂಲಿ ಕಾಸು ನೇಯೋರ ಮನೇಲಿ ರಾತ್ರಿ ತಂಗಬಾರದು. ತಂಗಿದ್ರೆ ಮಗ್ಗದ ತಾಯಿ ಮುನಿದು ಬೆಳಗಾಗೋದ್ರಲ್ಲಿ ಎಳೆ ಎಳೆ ಕಡಿದು ಹಾಕ್ತಾಳಂತೆ. ಅದಕ್ಕೆ ದೀಪ ಹಚ್ಚೋ ಮುಂಚೆ ಅಷ್ಟೂ ಕಾಸು ಖರ್ಚಾಗ್ಬೇಕು. ಖರ್ಚು ಮಾಡೋಕೆ ಹಜಾರದ ಬಾಗಿಲಲ್ಲೇ ಮೂರು ಅಂಗಡಿ. ಜಿಲೇಬಿ ಅಂಗಡಿ ಯಾರದು? ಸಾವ್ಕಾರಂದು. ಬಳೆ ಅಂಗಡಿ ಯಾರದು? ಸಾವ್ಕಾರಂದು. ಹೆಂಡದಂಗಡಿ ಯಾರದು? ಇನ್ನೂ ಕೇಳ್ತೀರಲ್ಲ, ನಿಮಗೂ ಆ ಊರಿನ ಗಾಳಿ ಬಡಿದಿದೆಯಾ?

ಅಲ್ಲಿ ಬನಮ್ಮ ಅಂತ ಒಬ್ಬಳು ಹುಡುಗಿ. ಹೊಸದಾಗಿ ಕೂಲಿಗೆ ಸೇರಿದವಳು. ಅವಳ ತಾಯಿ ಸಾಕಮ್ಮ ಆಯಸ್ಸೆಲ್ಲಾ ಆ ಹಜಾರದಲ್ಲೇ ನೇಯ್ದವಳು. ಒಂದು ದಿನ ಸಾಕಮ್ಮನ ಕಣ್ಣು ಮಂಜಾಯ್ತು, ಎಳೆ ತಪ್ಪಿತು. ಸಾವ್ಕಾರ ಏನಂದ? "ಏಳಮ್ಮ ಮೇಲೆ, ಮಗ್ಗ ಬೇರೆಯವರಿಗೆ ಬೇಕು" ಅಂದ. ಅಷ್ಟೇ. ಮುದುಕಿ ಗೋಡೆ ತಡವಿಕೊಂಡು ಬರಿಗೈಲಿ ಮನೆಗೆ ಬಂದ್ಲು. ಬನಮ್ಮನಿಗೆ ಅಳು ಬರ್ಲಿಲ್ಲ, ಮೈಯೆಲ್ಲಾ ಉರೀತು. ತಾಯಿ ಕೈ ಹಿಡ್ಕೊಂಡು ಹೇಳಿದ್ಲು: "ಅವ್ವ, ನಾನೊಂದು ಮಗ್ಗ ಮಾಡ್ಕೋತೀನಿ. ಅದರಿಂದ ನನ್ನನ್ನ 'ಏಳು' ಅನ್ನೋ ಗಂಡಸು ಇನ್ನೂ ಹುಟ್ಟಿರಬಾರದು."

"ಕಾಸು ಕೂಡಿಡೋ ಹಾಗಿಲ್ವಲ್ಲೇ ಮಗಳೇ?"

"ಕೂಡಿಡಲ್ಲ. ಖರ್ಚೇ ಮಾಡ್ತೀನಿ. ನೋಡ್ತಿರು."

ಕೂಲಿ ದಿನ ಬಂತು. ಎಲ್ಲರೂ ಅಂಗಡಿ ಕಡೆ ತಿರುಗಿದ್ರೆ ಇವಳು ನೆಟ್ಟಗೆ ಬಡಗಿ ಮೌನಾಚಾರಿ ಮನೆಗೆ ಹೋದ್ಲು. ಕೂಲಿಯಲ್ಲಿ ಮೂರನೇ ಒಂದು ಪಾಲು ಅವನ ಮುಂದಿಟ್ಟು, "ಆಚಾರಪ್ಪಾ, ಇದಕ್ಕೆ ಮಗ್ಗದ ಸಾಮಾನು ಎಷ್ಟು ಬರುತ್ತೋ ಅಷ್ಟು ಕೊಡಿ" ಅಂದ್ಲು.

ಆಚಾರಿ ನಕ್ಕ. "ಇದಕ್ಕೆ ಒಂದು ಲಾಳಿ ಬರುತ್ತೆ ತಾಯಿ."

"ಲಾಳಿನೇ ಕೊಡಿ."

ಆಮೇಲೆ ಉಳಿದ ಕಾಸಲ್ಲಿ ರಾಗಿ ತಂದ್ಲು, ಉಪ್ಪು ಎಣ್ಣೆ ತಂದ್ಲು. ಕೈ ಖಾಲಿ. ಮೊದಲು ಮಗ್ಗದ ಪಾಲು, ಆಮೇಲೆ ಹೊಟ್ಟೆ ಪಾಲು. ತಿರುಗಿಸಿ ಮಾಡಿದ್ರೆ ಹೊಟ್ಟೆಗೆ ಸಾಕು ಅನ್ನೋ ಮಾತು ಎಲ್ಲಿದೆ ಹೇಳಿ?

ಗೆಳತಿ ಸುಬ್ಬಿ ಬಂದ್ಲು, ಕೈ ತುಂಬಾ ಹಸಿರು ಬಳೆ ಆಡಿಸ್ಕೊಂಡು. "ಲೇ ಬನಮ್ಮ, ಪ್ರಾಯದ ಹುಡುಗಿ ಹಿಂಗಾ ಬೋಳು ಕೈಲಿ ಓಡಾಡೋದು? ಜುಗ್ಗಿ ಕಣೇ ನೀನು!" ಬನಮ್ಮನಿಗೆ ಆಸೆ ಇರ್ಲಿಲ್ಲ ಅಂದ್ಕೋಬೇಡಿ. ಒಂದು ವಾರ ತಡೆಯೋಕಾಗದೆ ಬಳೆ ತೊಟ್ಟೇಬಿಟ್ಲು. ಆ ವಾರ ಆಚಾರಿ ಮನೆ ಕಡೆ ಹೋಗೋಕಾಗ್ಲಿಲ್ಲ. ಮೂಲೇಲಿದ್ದ ಸಾಮಾನು ನೋಡಿದಾಗೆಲ್ಲಾ ಅವಳಿಗೆ ತನ್ನ ಮೇಲೇ ಕೋಪ ಬಂತು. ಮುಂದಿನ ವಾರ ಸುಬ್ಬಿ ಮತ್ತೆ ಕರೆದ್ರೆ, "ಹಬ್ಬಕ್ಕೊಂದು ಸಲ ತೊಡ್ತೀನಿ, ವಾರವಾರ ತೊಡಲ್ಲ. ಜುಗ್ಗಿ ಅಂತೀಯಾ? ಅನ್ನು, ಜೋರಾಗಿ ಅನ್ನು" ಅಂದ್ಲು.

ಸೋದರಮಾವ ಬಂದ, ತಲೆ ಕೆರೀತಾ. "ಬನಮ್ಮಾ, ಒಂದು ನಾಲ್ಕು ಕಾಸಿದ್ರೆ ಕೊಡವ್ವ. ಮುಂದಿನ ವಾರ ತಿರುಗಿಸ್ತೀನಿ."

"ಕಾಸಿಲ್ಲ ಮಾವ. ಬಟ್ಟೆ ಸುತ್ತೋ ದಿಂಡಿದೆ, ತಗೊಂಡು ಹೋಗ್ತೀಯಾ?"

ಮಾವ ದಿಂಡು ಎತ್ತಿ ನೋಡಿದ, ತಿರುಗಿಸಿ ನೋಡಿದ. "ಇದನ್ನ ಹೊತ್ಕೊಂಡು ಹೋದ್ರೆ ಹೆಂಡದಂಗಡಿಯವನು ಏನು ಕೊಡ್ತಾನೆ?" ಅಂತ ಗೊಣಗಿ ಎದ್ದು ಹೋದ. ನೋಡಿದ್ರಾ? ಕಾಸಾಗಿದ್ರೆ ಎಷ್ಟು ಕೈ ಚಾಚ್ತಾ ಇದ್ವು! ಕಟ್ಟಿಗೆ ಕೇಳೋರು ಯಾರು?

ಹಿಂಗೇ ವಾರ ಉರುಳಿದ್ವು. ಎಳೆ ಬಡಿದು ಕೂಡಿಸೋ ಹಣಿಗೆ ಬಂತು, ಕಾಲಲ್ಲಿ ತುಳಿಯೋ ಹಲಗೆ ಬಂತು, ಕೊನೆಗೆ ಮೊದಲ ಸೀರೆಗೆ ನೂಲೂ ಬಂತು. ಒಂದು ದಿನ ಬೆಳಗ್ಗೆ ಸಾಕಮ್ಮನ ಮನೆಯಿಂದ ಟಕ್ ಟಕ್, ಟಕ್ ಟಕ್! ಬೀದಿಗೆ ಬೀದಿಯೇ ಕಿವಿಗೊಟ್ಟು ನಿಂತ್ಕೊಳ್ತು.

ಸುಬ್ಬಿ, ಮಾವ ಆದ್ಮೇಲೆ ಮೂರನೆಯವನಾಗಿ ಬಂದವನೇ ಸಾವ್ಕಾರ. ಹಿಂದೆ ಇಡೀ ಊರು. ಮುಖ ಕೆಂಡ ಆಗಿದೆ. "ಈ ಹುಡುಗಿ ಕೂಲಿ ಕಾಸು ಬಚ್ಚಿಟ್ಟಿದ್ದಾಳೆ! ಇಲ್ಲಾಂದ್ರೆ ಮಗ್ಗ ಎಲ್ಲಿಂದ ಬಂತು? ಮಗ್ಗದ ತಾಯಿ ಮುನಿದ್ರೆ ನಿಮ್ಮೆಲ್ಲರ ಎಳೆ ಕಡೀತಾಳೆ. ಹುಡುಕಿ ಕಾಸನ್ನ! ಆಮೇಲೆ ಮಗ್ಗ ಒಡೆದು ಒಲೆಗೆ ಹಾಕಿ!"

ಜನ ಹೆದರಿದ್ರು, ಹುಡುಕಿದ್ರು. ಮಡಕೆ ಬಗ್ಗಿಸಿದ್ರು, ಚಾಪೆ ಕೊಡವಿದ್ರು, ರಾಗಿ ಚೀಲಕ್ಕೆ ಕೈ ಹಾಕಿದ್ರು. ಒಂದು ಕಾಸು ಸಿಗಬೇಕಲ್ಲ! ಮೌನಾಚಾರಿ ಮುಂದೆ ಬಂದು, "ಕೂಲಿ ದಿನವೇ, ಹೊತ್ತು ಮುಳುಗೋ ಮುಂಚೆ ನನಗೆ ತಂದು ಕೊಡ್ತಿದ್ಲು. ಕಟ್ಟಳೆ ಎಲ್ಲಿ ಮುರಿದ್ಲು?" ಅಂದ.

ಬನಮ್ಮ ಮಗ್ಗದ ಮುಂದೆ ಕೂತಲ್ಲಿಂದ ಏಳಲೇ ಇಲ್ಲ. ಕೂತೇ ಕೇಳಿದ್ಲು: "ನನ್ನ ಮನೆ ಹುಡುಕಿದ್ದಾಯ್ತಲ್ಲ ಸಾವ್ಕಾರ್ರೆ, ಈಗ ನಿಮ್ಮ ಮನೆ ಹುಡುಕೋಣ್ವಾ? ನಿಮ್ಮ ಪೆಟ್ಟಿಗೇಲಿ ರಾತ್ರಿ ಎಷ್ಟು ಕಾಸು ಮಲಗ್ತಾವೆ?"

"ನಂದು ಕೂಲಿ ಕಾಸಲ್ಲ! ಅಂಗಡಿ ವ್ಯಾಪಾರದ ಕಾಸು!"

"ಸುಬ್ಬಿ ಬಳೆಗೆ ಕೊಟ್ಟಿದ್ದು ಯಾವ ಕಾಸು? ನಮ್ಮ ಮಾವ ಹೆಂಡಕ್ಕೆ ಕೊಟ್ಟಿದ್ದು ಯಾವ ಕಾಸು? ಅದು ಕೂಲಿ ಅಲ್ದೆ ಇನ್ನೇನು?"

ಆಗ ಮೂಲೇಲಿದ್ದ ಸಾಕಮ್ಮ ಗೋಡೆ ಹಿಡ್ಕೊಂಡು ಎದ್ದು ನಿಂತ್ಲು. ಆಯಸ್ಸೆಲ್ಲಾ ಅವನೆದುರು ತಲೆ ತಗ್ಗಿಸಿದವಳು, ಆವತ್ತು ತಗ್ಗಿಸ್ಲಿಲ್ಲ. "ನಾನು ನೇಯ್ದ ಅಷ್ಟು ವರ್ಷದ ಕೂಲಿ ನಿನ್ನ ಮನೇಲೇ ಮಲಗಿದೆ ಪುಟ್ಟನಂಜಪ್ಪ. ಮಗ್ಗದ ತಾಯಿ ನಿನ್ನ ಒಂದು ಎಳೆನೂ ಯಾಕಪ್ಪ ಕಡೀಲಿಲ್ಲ?"

ಜನ ಸಾವ್ಕಾರನ ಮುಖ ನೋಡಿದ್ರು. ಸಾವ್ಕಾರ ನೆಲ ನೋಡಿದ. ಮೊದಲು ಕಿಸಕ್ಕನೆ ನಕ್ಕೋನು ಸೋದರಮಾವ, ಆಮೇಲೆ ಸುಬ್ಬಿ, ಆಮೇಲೆ ಇಡೀ ಬೀದಿ. ಆ ನಗುವಿನ ಮಧ್ಯೆ ದಾರಿ ಮಾಡ್ಕೊಂಡು ಸಾವ್ಕಾರ ಹೊರಟ. ಹೋಗ್ತಾ ತಿರುಗಿ, "ನಾಳೆಯಿಂದ ನಿಂಗೆ ಕೆಲಸ ಇಲ್ಲ!" ಅಂದ.

"ನೀವೇನು ಬಿಡಿಸೋದು, ನಾನೇ ಬರಲ್ಲ" ಅಂದ್ಲು ಬನಮ್ಮ, ಲಾಳಿ ಎಸೆದ್ಲು.

ಮುಂದಿನ ಕೂಲಿ ದಿನ ಜಿಲೇಬಿ ಬಾಣಲೇಲೇ ಕಪ್ಪಾಯ್ತು. ಜನ ಕಾಸನ್ನ ಮುಷ್ಟೀಲಿ ಹಿಡ್ಕೊಂಡು ಮೂರೂ ಅಂಗಡಿ ದಾಟಿ ಮನೆಗೆ ನಡೆದ್ರು. ಭಯ ಇತ್ತು, ಇರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆವತ್ತು ಊರಿನ ಮನೆಮನೇಲೂ ಕೂಲಿ ಕಾಸು ಮಲಗಿತು. ಬೆಳಗ್ಗೆ ಎದ್ದು ಹಜಾರಕ್ಕೆ ಓಡೋಡಿ ಹೋಗಿ ನೋಡಿದ್ರೆ, ಯಾವ ಮಗ್ಗದಲ್ಲೂ ಒಂದೇ ಒಂದು ಎಳೆ ಕಡಿದಿರ್ಲಿಲ್ಲ.

ನನ್ನ ಕತೆ ಮುಗೀತು, ನಿಮ್ಮ ಹೂಂ ನೀವು ಮನೆಗೆ ತಗೊಂಡು ಹೋಗಿ. ಸಾವ್ಕಾರನ ಮೊಮ್ಮಕ್ಕಳು ಯಾರಾದ್ರೂ ಇಲ್ಲಿ ಕೂತಿದ್ರೆ, ಬೇಜಾರಾಯ್ತಾ? ಆಗ್ಲಿ ಬಿಡಿ, ನಂಗೇನು!