ಹೆಸರಿದ್ದ ಬೋಗುಣಿ

ಆರಕ್ಷಕ ನಿರೀಕ್ಷಕರ ಸಮ್ಮುಖದಲ್ಲಿ ನೀಡಿದ ಹೇಳಿಕೆ.

ಹೆಸರು: ಕೃಷ್ಣರಾಜ, ಬಿನ್ ದಿವಂಗತ ವಿಷ್ಣುತೀರ್ಥ. ವಯಸ್ಸು: ಎಪ್ಪತ್ತೊಂದು ವರ್ಷ. ಉದ್ಯೋಗ: ಪ್ರಯಾಣಿಕರ ಹಡಗುಗಳಲ್ಲಿ ಮದ್ಯದ ಉಗ್ರಾಣದ ಅಧಿಕಾರಿಯಾಗಿದ್ದು ಈಗ ನಿವೃತ್ತ. ವಾಸ: ಮುರುಗನ್ ದೇವಾಲಯದ ಹಿಂದಿನ ಬೀದಿ, ವಡಪಳನಿ, ಚೆನ್ನೈ.

ಮೇಲ್ಕಂಡ ನಾನು, ತಿರುವಲ್ಲಿಕ್ಕೇಣಿಯ ಹರಿದಾಸರಾಯರ ಮರಣದ ವಿಚಾರಣೆಗೆ ಸಂಬಂಧಿಸಿದಂತೆ, ಈ ಮೂಲಕ ತಿಳಿಸುವುದೇನೆಂದರೆ:

ನಾನು ತಮಿಳನ್ನು ಮಾತನಾಡಬಲ್ಲೆ. ಆದರೆ ಒಬ್ಬರ ಪ್ರಾಣ ಹೋಗಿರುವ ವಿಷಯದಲ್ಲಿ ಒಂದು ಪದವೂ ಆಚೀಚೆ ಆಗಬಾರದೆಂಬ ಕಾರಣದಿಂದ ನನ್ನ ಹೇಳಿಕೆಯನ್ನು ಕನ್ನಡದಲ್ಲಿ, ನನ್ನ ಕೈಯಿಂದಲೇ ಬರೆದುಕೊಡಲು ಅನುಮತಿ ಕೋರಿದೆ. ಅನುಮತಿ ದೊರೆಯಿತು. ಠಾಣೆಯ ಮುಖ್ಯ ಪೇದೆಯವರು ಹೊಸೂರಿನ ಕಡೆಯವರು. ಅವರಿಗೆ ಕನ್ನಡದ ಮಾತು ಬರುತ್ತದೆ, ಲಿಪಿ ಬಾರದು. ನಾನು ಬರೆದದ್ದನ್ನು ನಾನೇ ಓದುತ್ತೇನೆ. ಅವರು ಅದನ್ನು ತಮಿಳಿಗೆ ತಿರುಗಿಸುತ್ತಾರೆ.

ಈಂಜಂಬಾಕ್ಕಂ ನಿವಾಸಿ, ಆಮದು ವ್ಯಾಪಾರಿ ಶ್ರೀ ಮೋಹನ್ ಅವರು ಈ ಮೊದಲು ನೀಡಿದ ಹೇಳಿಕೆಯನ್ನು ನನಗೆ ಓದಿ ತಿಳಿಸಲಾಗಿದೆ. ಹರಿದಾಸರಾಯರು ಮೂವತ್ತು ವರ್ಷ ಕಾಫಿಯ ರುಚಿ ನೋಡಿ ಉಗುಳಿದವರು, ಅಂಥವರು ತಮ್ಮ ಮನೆಯಲ್ಲಿ ಮದ್ಯವನ್ನು ನುಂಗಿದ್ದು ಆಸೆಯಿಂದಲೇ, ಅದೇ ಶೀಸೆಯ ರುಚಿ ನೋಡಿದ ಉಳಿದ ಮೂವರಿಗೆ ಏನೂ ಆಗಿಲ್ಲ, ಆದ್ದರಿಂದ ಅವರು ಅಲ್ಲಿಂದ ಹೊರಟ ಮೇಲೆ ಬೇರೆಲ್ಲೋ ಕಳ್ಳಸಾರಾಯಿ ಕುಡಿದಿರಬೇಕು ಎಂಬುದು ಅದರ ಸಾರಾಂಶ. ಇದು ನಿಜವಲ್ಲ. ಇದು ನಿಜವೆಂದು ನಿಂತರೆ ಹರಿದಾಸರಾಯರು ಕುಡುಕರಾಗಿ ದಾಖಲಾಗುತ್ತಾರೆ. ಆ ಶೀಸೆ ಇದ್ದ ಪೆಟ್ಟಿಗೆಯಲ್ಲಿ ಉಳಿದಿರುವ ಹನ್ನೊಂದು ಶೀಸೆಗಳು ಈ ಶನಿವಾರ ಒಂದು ಹೋಟೆಲಿನ ಔತಣಕ್ಕೆ ಹೋಗುತ್ತವೆ.

ಹರಿದಾಸರಾಯರಿಗೆ ಅರವತ್ತೆರಡು ವರ್ಷ ವಯಸ್ಸಾಗಿತ್ತು. ಅವರ ಮನೆತನದವರು ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ವೈಷ್ಣವರು. ನನಗೆ ಅವರ ಪರಿಚಯವಾದದ್ದು ಕನ್ನಡ ಪುಸ್ತಕಗಳಿದ್ದ ಒಂದು ವಾಚನಾಲಯದಲ್ಲಿ, ನಾಲ್ಕು ವರ್ಷಗಳ ಹಿಂದೆ. ಅವರು ಕಾಫಿ ರಫ್ತಿನ ಸಂಸ್ಥೆಯೊಂದರಲ್ಲಿ ರುಚಿ ಪರೀಕ್ಷಕರಾಗಿದ್ದರು. ಆ ಕೆಲಸದಲ್ಲಿ ಪಾನೀಯವನ್ನು ಚಮಚದಿಂದ ಸದ್ದಾಗುವಂತೆ ಹೀರಿ, ನಾಲಿಗೆಯ ಮೇಲೆ ಹರಡಿ, ಉಗುಳಬೇಕು. ಹಳೆಯ ಕೆಂಪು ದ್ರಾಕ್ಷಾಮದ್ಯದ ಪರೀಕ್ಷೆಯ ಕ್ರಮವೂ ಬಹುಮಟ್ಟಿಗೆ ಅದೇ.

ಶ್ರೀ ಮೋಹನ್ ಅವರು ಫ್ರಾನ್ಸ್ ದೇಶದ ಹಳೆಯ ದ್ರಾಕ್ಷಾಮದ್ಯಗಳನ್ನು ಮಧ್ಯವರ್ತಿಗಳಿಂದ ಕೊಂಡು ಎಣ್ಣೂರಿನ ತಮ್ಮ ದಾಸ್ತಾನು ಮನೆಯಲ್ಲಿ ಇರಿಸಿದ್ದರು. ಹೋಟೆಲಿನವರು ಅವುಗಳನ್ನು ಒಪ್ಪಿಕೊಳ್ಳುವ ಮೊದಲು ಪರೀಕ್ಷೆ ಆಗಬೇಕೆಂದು ಕೇಳಿದ್ದರಿಂದ ನನ್ನನ್ನು ಕರೆದರು. ಒಂದೇ ನಾಲಿಗೆಯನ್ನು ನಂಬಬಾರದು, ಜೊತೆಗೆ ಇನ್ನೊಬ್ಬರು ಬೇಕು ಎಂದು ಹೇಳಿ ನಾನು ಹರಿದಾಸರಾಯರ ಹೆಸರನ್ನು ಸೂಚಿಸಿದೆ. ರಾಯರು ಅದುವರೆಗೆ ಮದ್ಯವನ್ನು ಮುಟ್ಟಿದವರಲ್ಲ. ಕೇಳಿದಾಗ ಎರಡು ದಿನ ಯೋಚಿಸಿದರು. ನಾಲಿಗೆಗೆ ತಾಗಿದರೆ ಅದು ಕೆಲಸ, ಗಂಟಲಿಗೆ ಇಳಿದರೆ ಮಾತ್ರ ದೋಷ ಎಂದು ತಮ್ಮಷ್ಟಕ್ಕೆ ತೀರ್ಮಾನಿಸಿ ಒಪ್ಪಿದರು. ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

“ಉಗುಳಲಿಕ್ಕೆ ಪಾತ್ರೆ ಇಟ್ಟಿರ್ತಾರಲ್ಲ?”

ಇಟ್ಟಿರುತ್ತಾರೆ ಎಂದು ಹೇಳಿದೆ.

ದಿನಾಂಕ ೯-೮-೨೦೦೩, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ಶ್ರೀ ಮೋಹನ್ ಅವರ ಮನೆಯ ಊಟದ ಕೋಣೆಯಲ್ಲಿ ನಾಲ್ವರು ಕುಳಿತೆವು. ನಾಲ್ಕನೆಯವರು ಹೋಟೆಲಿನ ಖರೀದಿ ಅಧಿಕಾರಿ ಶ್ರೀ ಸಮೀರ್. ಮೇಜು ದುಂಡಗಿತ್ತು. ಅದರ ನಡುವೆ, ಉಗುಳುವುದಕ್ಕೆಂದು, ಅಗಲ ಬಾಯಿಯ ಹಿತ್ತಾಳೆಯ ಬೋಗುಣಿಯೊಂದನ್ನು ಇಟ್ಟಿದ್ದರು. ಹುಣಿಸೆಹಣ್ಣು ಹಚ್ಚಿ ಫಳಫಳನೆ ಬೆಳಗಿದ್ದರು. ಬೋಗುಣಿಯ ನನಗೆ ಎದುರಾಗಿದ್ದ ಬದಿಯಲ್ಲಿ ಏನೂ ಕೊರೆದಿರಲಿಲ್ಲ. ಹರಿದಾಸರಾಯರು ನನ್ನ ಎದುರಿಗೆ ಕುಳಿತಿದ್ದರು.

ಮೊದಲ ಶೀಸೆಯ ಚೀಟಿಯಲ್ಲಿ ೧೯೭೫ನೆಯ ವರ್ಷವಿತ್ತು. ಬಿರಡೆ ನೆನೆದು ಮೆತ್ತಗಾಗಿತ್ತು. ತೆಗೆಯುವಾಗ ಅರ್ಧಕ್ಕೆ ಮುರಿಯಿತು. ಲೋಟವನ್ನು ಬಿಳಿಯ ಬಟ್ಟೆಯ ಮೇಲೆ ಓರೆಯಾಗಿ ಹಿಡಿದಾಗ ಅಂಚಿನ ಬಣ್ಣ ಹಳೆಯ ಇಟ್ಟಿಗೆಯಂತಿತ್ತು. ಒದ್ದೆ ಎಲೆ, ಚರ್ಮ, ಒಣಗಿದ ಹೊಗೆಸೊಪ್ಪು, ಇವುಗಳ ವಾಸನೆ ಒಂದರ ಹಿಂದೆ ಒಂದು ಬಂತು. ನಾನು ಬಾಯಲ್ಲಿ ಇರಿಸಿಕೊಂಡು ಬೋಗುಣಿಗೆ ಉಗುಳಿದೆ. ಉಳಿದಿಬ್ಬರೂ ಉಗುಳಿದರು. ಹರಿದಾಸರಾಯರು ಬೋಗುಣಿಯತ್ತ ಬಾಗಿದವರು ಅಲ್ಲಿಯೇ ನಿಂತರು. ಆಮೇಲೆ ಕರವಸ್ತ್ರವನ್ನು ತೆಗೆದು ಅದಕ್ಕೆ ಉಗುಳಿದರು. ಹೇಗಿದೆ ಎಂದು ಕೇಳಿದ್ದಕ್ಕೆ, ನೆಲ್ಲಿಕಾಯಿ ತಿಂದು ನೀರು ಕುಡಿದ ಮೇಲೆ ಉಳಿಯುವಂಥ ಸಿಹಿ ಇದೆ ಎಂದರು. ಆ ಮದ್ಯದ ಬಗ್ಗೆ ಅದಕ್ಕಿಂತ ಸರಿಯಾದ ಮಾತನ್ನು ನಾನು ಮೂವತ್ತು ವರ್ಷದ ಕೆಲಸದಲ್ಲಿ ಕೇಳಿಲ್ಲ.

ಎರಡನೆಯದು ೧೯೭೦ರದು. ಅದೂ ಸಾಚಾ. ರಾಯರು ಅದನ್ನೂ ಕರವಸ್ತ್ರಕ್ಕೇ ಉಗುಳಿದರು. ಬಟ್ಟೆ ತೊಯ್ದು ಅವರ ಬಿಳಿಯ ಪಂಚೆಯ ಮೇಲೆ ಎರಡು ಹನಿ ಬಿದ್ದವು. ಶ್ರೀ ಸಮೀರ್ ಅವರು ನಕ್ಕು, ಇದು ಲಾಂಡ್ರಿಯವನ ಅದೃಷ್ಟ ಎಂದು ಇಂಗ್ಲಿಷಿನಲ್ಲಿ ಹಾಸ್ಯ ಮಾಡಿದರು. ನಾನು ಎದ್ದು ರಾಯರ ಬಳಿಗೆ ಹೋಗಿ ಏಕೆ ಹೀಗೆ ಎಂದು ಮೆಲ್ಲಗೆ ವಿಚಾರಿಸಿದೆ. ಅವರು ಬೋಗುಣಿಯ ಕಂಠವನ್ನು ಕಣ್ಣಿನಿಂದಲೇ ತೋರಿಸಿದರು.

“ಹೆಸರಿದೆ ನೋಡ್ರಿ. ಕನ್ನಡದಲ್ಲಿ. ಯಾವುದೋ ತಾಯಿ ಹೆಸರು. ಅದರ ಮೇಲೆ ಹ್ಯಾಗೆ ಉಗುಳೋದು?”

ನನ್ನ ಕನ್ನಡಕ ಮೇಜಿನ ಮೇಲೆ ನಾನು ಕುಳಿತಿದ್ದ ಬದಿಯಲ್ಲಿತ್ತು. ಕಂಠದ ಮೇಲೆ, ರಾಯರಿಗೆ ಎದುರಾದ ಬದಿಯಲ್ಲಿ, ಚುಕ್ಕಿಯಿಂದ ಕೊರೆದ ಸಾಲೊಂದು ಇದ್ದದ್ದು ಕಂಡಿತು, ಓದಲಾಗಲಿಲ್ಲ. ಹಾಗಾದರೆ ಪಾತ್ರೆಯನ್ನು ತಿರುಗಿಸಿ ಇಡೋಣ ಎಂದೆ.

“ತಿರುಗಿಸಿದ್ರೆ ಹೆಸರು ಹೋಗ್ತದಾ?” ಎಂದರು.

ಆಗ ನಾನು, ಹೆಸರಿನ ವಿಷಯ ಎತ್ತದೆ, ಶ್ರೀ ಮೋಹನ್ ಅವರಿಗೆ ಬೇರೆ ಪಾತ್ರೆಯನ್ನು ತರಿಸಬೇಕೆಂದು ಕೇಳಿದೆ. ಅವರು ಮೂರನೆಯ ಶೀಸೆಯ ಬಿರಡೆಯನ್ನು ಅಷ್ಟರಲ್ಲಿ ತೆಗೆದಿದ್ದರು. ಅವರ ತಂದೆ ಚಾಮರಾಜನಗರದ ಕಡೆಯಿಂದ ಬಂದವರು. ಅವರು ಮಾತ್ರ ಇಲ್ಲಿಯೇ ಹುಟ್ಟಿ ಇಲ್ಲಿಯೇ ಓದಿದವರು.

“ಅಯ್ಯೋ ಸಾರ್, ಅದು ಹಳೇ ಸಾಮಾನು. ಸುಮ್ಮಾ ಸ್ಟೋರ್ ರೂಮಲ್ಲಿ ಬಿದ್ದಿತ್ತು, ಶೋಗೆ ಅಂತ ಪಾಲಿಷ್ ಮಾಡಿಸಿ ತಂದೆ. ನೀವು ಧಾರಾಳವಾಗಿ ಉಗುಳಿ” ಎಂದು ಹೇಳಿ ಲೋಟಗಳಿಗೆ ಬಗ್ಗಿಸತೊಡಗಿದರು. ರಾಯರು ಹಾಗಾದರೆ ಹೊರಗೆ ಹೋಗಿ ಉಗುಳಿ ಬರುತ್ತೇನೆ ಎಂದರು. ಅದಕ್ಕೆ ಶ್ರೀ ಸಮೀರ್ ಒಪ್ಪಲಿಲ್ಲ. ನಲವತ್ತು ವರ್ಷ ದಾಟಿದ ಮದ್ಯ ಗಾಳಿ ತಾಗಿದ ಕೆಲವೇ ನಿಮಿಷಗಳಲ್ಲಿ ಸೋತುಹೋಗುತ್ತದೆ, ಎಲ್ಲರೂ ಒಟ್ಟಿಗೆ ಕುಳಿತು ನೋಡಬೇಕು ಎಂದರು. ಆ ಮಾತು ಪರೀಕ್ಷೆಯ ಕ್ರಮಕ್ಕೆ ಅನುಗುಣವಾದದ್ದೇ. ರಾಯರು ಕೆಲಸಕ್ಕೆಂದು ಬಂದ ಮನೆಯಲ್ಲಿ ಎರಡನೆಯ ಸಲ ಕೇಳುವವರಲ್ಲ. ಕುಳಿತರು.

ಮೂರನೆಯದು ಹನ್ನೆರಡು ಶೀಸೆಗಳ ಒಂದು ಪೆಟ್ಟಿಗೆಯಿಂದ ತೆಗೆದು ತಂದದ್ದು, ಅದರ ಚೀಟಿಯಲ್ಲಿ ೧೯೬೧ ಎಂದಿತ್ತು. ಅಷ್ಟು ಹಳೆಯ ಶೀಸೆಯಲ್ಲಿ ಮದ್ಯ ಆವಿಯಾಗಿ ಮಟ್ಟ ಇಳಿದಿರಬೇಕು. ಇದರಲ್ಲಿ ಬಿರಡೆಯವರೆಗೂ ಇತ್ತು. ಬಿರಡೆಯ ಬದಿಗಳು ಒಣಗಿದ್ದವು. ಗಸಿ ಗಾಜಿಗೆ ಅಂಟಿರಲಿಲ್ಲ, ಪುಡಿಯಂತೆ ಮೇಲೇಳುತ್ತಿತ್ತು. ಬಣ್ಣ ಅಂಚಿನವರೆಗೂ ನೇರಳೆ. ಮೂಗಿಗೆ ಮೊದಲು ತಾಗಿದ್ದು ಸಾರಾಯಿಯ ಘಾಟು. ನಾನು ಒಂದು ಗುಟುಕು ಬಾಯಲ್ಲಿ ಇರಿಸಿ ಉಗುಳಿದೆ. ಇದು ಹಳೆಯದಲ್ಲ, ಹಳೆಯ ಶೀಸೆಗೆ ಈಚೆಗೆ ತುಂಬಿದ್ದು, ಕುಡಿಯಲು ಯೋಗ್ಯವಲ್ಲ ಎಂದು ಹೇಳಿದೆ. ಅದರಲ್ಲಿ ವಿಷವಿದೆಯೆಂದು ನಾನು ಹೇಳಲಿಲ್ಲ. ನನಗೆ ತಿಳಿದಿರಲಿಲ್ಲ. ಮೂಗಿನಿಂದಾಗಲಿ ನಾಲಿಗೆಯಿಂದಾಗಲಿ ಅದು ತಿಳಿಯುವಂಥದ್ದಲ್ಲ ಎಂದು ಆಮೇಲೆ ಆಸ್ಪತ್ರೆಯ ವೈದ್ಯರು ಹೇಳಿದರು.

ಶ್ರೀ ಮೋಹನ್ ಅವರಿಗೆ ಸಿಟ್ಟು ಬಂತು. “ಸಾರ್, ನೀವು ಹಡಗಲ್ಲಿ ಬೇರೆಯವರಿಗೆ ಬಗ್ಗಿಸಿ ಕೊಟ್ಟವರು. ತಗೊಂಡವನು ನಾನು” ಎಂದರು. ಅವರು ಹರಿದಾಸರಾಯರ ಕಡೆಗೆ ತಿರುಗಿ, ನಿಮ್ಮ ನಾಲಿಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಒಂದೇ ಗುಟುಕಿಗೆ ಹೇಳಬೇಡಿ, ಈಗೊಮ್ಮೆ, ಕಾಲು ಗಂಟೆ ಬಿಟ್ಟು ಒಮ್ಮೆ, ಅರ್ಧ ಗಂಟೆಗೆ ಒಮ್ಮೆ ನೋಡಿ ಹೇಳಿ ಎಂದರು. ಶ್ರೀ ಸಮೀರ್ ತಾವು ಬಾಯಲ್ಲಿಟ್ಟಿದ್ದನ್ನು ಅದಾಗಲೇ ಉಗುಳಿ, ಲೋಟವನ್ನು ದೂರ ಸರಿಸಿದ್ದರು. ಶ್ರೀ ಮೋಹನ್ ಕೂಡ ಉಗುಳಿದರು.

ರಾಯರ ಕರವಸ್ತ್ರ ಆ ವೇಳೆಗೆ ಹಿಂಡಿದರೆ ಸುರಿಯುವಷ್ಟು ತೊಯ್ದಿತ್ತು. ಅದನ್ನು ಮಡಚಿ ಮೊಣಕಾಲಿನ ಮೇಲೆ ಇರಿಸಿಕೊಂಡರು. ಲೋಟವನ್ನು ಎತ್ತಿ, ಹೀರಿ, ಕಣ್ಣು ಮುಚ್ಚಿದರು. ಬೋಗುಣಿಯನ್ನು ನೋಡಿದರು. ಅದು ಅವರ ಗಂಟಲಿಗೆ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ನಾನು ಏಳಹೋದೆ. ಅವರು ಕುಳಿತಲ್ಲಿಂದಲೇ ಅಂಗೈ ತೋರಿಸಿ, ಇರಲಿ ಎಂಬಂತೆ ತಡೆದರು. ಕಾಲು ಗಂಟೆಯ ಮೇಲೆ ಲೋಟದಲ್ಲಿದ್ದುದು ಮುಗಿಯಿತು. ಶ್ರೀ ಮೋಹನ್ ಇನ್ನೊಮ್ಮೆ ಅರ್ಧದವರೆಗೆ ಬಗ್ಗಿಸಿದರು. ಹೀಗೆ ಅವರು ಬಾಯಿಗೆ ತೆಗೆದುಕೊಂಡಷ್ಟನ್ನೂ ನುಂಗಿದರು. ಅವರ ಮುಖದಲ್ಲಿ ಆಸೆಯಾಗಲಿ ಸುಖವಾಗಲಿ ನನಗೆ ಕಾಣಲಿಲ್ಲ. ಔಷಧ ನುಂಗುವ ಮಗುವಿನ ಮುಖದಂತಿತ್ತು ಅದು.

ಹನ್ನೆರಡೂವರೆಗೆ ಅವರು ತಮ್ಮ ತೀರ್ಮಾನವನ್ನು ಹೇಳಿದರು. “ಕೃಷ್ಣರಾಜರು ಹೇಳಿದ್ದೇ ಸರಿ. ಇದರಲ್ಲಿ ವಯಸ್ಸೇ ಇಲ್ಲ.”

ಶ್ರೀ ಮೋಹನ್ ಅವರ ಚಾಲಕನೇ ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆತಂದನು. ಕಾರು ದಾರಿಯಲ್ಲಿ ಎಲ್ಲಿಯೂ ನಿಲ್ಲಲಿಲ್ಲ, ಚಾಲಕನನ್ನು ವಿಚಾರಿಸಬಹುದು. ಕಾರು ಅಡ್ಯಾರು ದಾಟಿತು. ಆಗ ರಾಯರು, ಇಷ್ಟು ವರ್ಷ ಇಲ್ಲದ್ದನ್ನು ಇವತ್ತು ಗಂಟಲಿಗೆ ಇಳಿಸಿಬಿಟ್ಟೆ ಎಂದರು. ಮತ್ತೆ ತಾವೇ ಸಮಾಧಾನ ಹೇಳಿಕೊಂಡರು.

“ಮಂಗಳವಾರ ಉಪಾಕರ್ಮ ಇದೆಯಲ್ಲ. ಪಂಚಗವ್ಯ ಹೇಗೂ ತಗೋಬೇಕು. ಅದರಲ್ಲಿ ಇದೂ ಹೋಗ್ತದೆ.”

ಎರಡು ಗಂಟೆಗೆ ಅವರ ಮನೆಯ ಬಾಗಿಲಲ್ಲಿ ಇಳಿಸಿದೆ. ಅವರು ಒಳಗೆ ಕಾಲಿಡದೆ, ಹಿತ್ತಿಲಿನ ಬಾವಿಯ ಕಡೆಗೆ ಹೋದರು. ಎರಡು ಕೊಡ ನೀರನ್ನು ತಲೆಯ ಮೇಲೆ ಸುರಿದುಕೊಂಡ ಮೇಲೆಯೇ ಹೊಸ್ತಿಲು ದಾಟಿದರೆಂದೂ, ಅನಂತರ ಮನೆಯಿಂದ ಹೊರಗೆ ಹೋಗಲಿಲ್ಲವೆಂದೂ, ತಲೆನೋವೆಂದು ಮಜ್ಜಿಗೆ ಕುಡಿದು ಮಲಗಿದರೆಂದೂ ಅವರ ಪತ್ನಿ ಶ್ರೀಮತಿ ವೆಂಕಟಲಕ್ಷ್ಮಿ ತಿಳಿಸಿದ್ದಾರೆ.

ಮರುದಿನ, ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮಗಳು ಭಾವನಾ ತಂದೆಗೆ ಕಾಫಿಯನ್ನು ತಂದುಕೊಟ್ಟಾಗ, ಅವರು ಲೋಟದ ಪಕ್ಕದಲ್ಲಿ ಗಾಳಿಯನ್ನು ಹಿಡಿದರು. ಇಷ್ಟು ಬೇಗ ಏಕೆ ಎಬ್ಬಿಸಿದೆ, ಇನ್ನೂ ಬೆಳಗಾಗಿಲ್ಲವಲ್ಲ ಎಂದರು. ಕಿಟಕಿಯಿಂದ ಬಿಸಿಲು ಅವರ ಮುಖದ ಮೇಲೆಯೇ ಬಿದ್ದಿತ್ತು. ಆ ಹುಡುಗಿ ಇದನ್ನು ನನಗೆ ಹೇಳುವಾಗ ಅರ್ಧ ತಮಿಳಿನಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಹೇಳಿದಳು. ತಂದೆ ಆಡಿದ ಮಾತನ್ನು ಮಾತ್ರ ಕನ್ನಡದಲ್ಲಿಯೇ ಹೇಳಿದಳು.

ಅವರನ್ನು ಆಸ್ಪತ್ರೆಗೆ ಸೇರಿಸಲಾಯಿತು. ಮಿಥೈಲ್ ಮದ್ಯಸಾರದ ವಿಷವೇರಿದೆ ಎಂದು ವೈದ್ಯರು ಹೇಳಿದರು. ನಾನು ಹೋದಾಗ ಮಧ್ಯಾಹ್ನವಾಗಿತ್ತು. ಉಸಿರು ಕಷ್ಟವಾಗಿತ್ತು. ನನ್ನ ಧ್ವನಿಯ ಗುರುತು ಹಿಡಿದು, ಆ ಶೀಸೆಯನ್ನು ಇನ್ನು ಯಾರಿಗೂ ಕೊಡದಂತೆ ಅವರಿಗೆ ಹೇಳಿ ಎಂದರು. ದಿನಾಂಕ ೧೧-೮-೨೦೦೩, ಸೋಮವಾರ ಸಂಜೆ ನಾಲ್ಕು ಗಂಟೆಗೆ ತೀರಿಕೊಂಡರು. ಮಂಗಳವಾರ, ಊರಿನವರೆಲ್ಲ ಹೊಸ ಜನಿವಾರ ಹಾಕಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ದಹನವಾಯಿತು. ಬರಬೇಕಾಗಿದ್ದ ಬಂಧುಗಳಲ್ಲಿ ಕೆಲವರು, ಕುಡಿದು ಸತ್ತವರ ಮನೆ ಎಂದು ಬರಲಿಲ್ಲ. ಶ್ರೀಮತಿ ವೆಂಕಟಲಕ್ಷ್ಮಿಯವರು ನನ್ನನ್ನು ಬಾಗಿಲ ಬಳಿ ನಿಲ್ಲಿಸಿದರು.

“ನೀವು ಜೊತೆಗಿದ್ದವರು. ಕುಡಿದ್ರಾ ಅವರು? ಅಷ್ಟು ಹೇಳಿ ಸಾಕು.”

ಕುಡಿಯುವುದಕ್ಕಾಗಿ ಕುಡಿಯಲಿಲ್ಲ ಎಂದು ಹೇಳಿದೆ. ಇಲ್ಲಿ ಹೇಳುತ್ತಿರುವುದೂ ಅದನ್ನೇ.

ಅವರ ಕರವಸ್ತ್ರ ಈಗ ಪೊಲೀಸರ ವಶದಲ್ಲಿದೆ. ಅದರ ಕಲೆಗಳು ಮೊದಲ ಎರಡು ಶೀಸೆಗಳವು. ಮೂರನೆಯದರ ಕಲೆ ಅದರಲ್ಲಿ ಸಿಕ್ಕುವುದಿಲ್ಲ. ಅದು ಸಿಕ್ಕುವುದು ಬೋಗುಣಿಯ ತಳದಲ್ಲಿ, ನಾವು ಮೂವರು ಉಗುಳಿದ್ದರಲ್ಲಿ. ನಾವು ಮೂವರು ಬದುಕಿರುವುದು ಅದಕ್ಕೇ. ಎಣ್ಣೂರಿನಲ್ಲಿರುವ ಹನ್ನೊಂದು ಶೀಸೆಗಳನ್ನು ಶನಿವಾರಕ್ಕೆ ಮೊದಲು ವಶಕ್ಕೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.

ಇಂದು ಬೆಳಿಗ್ಗೆ ಹನ್ನೊಂದೂಕಾಲಕ್ಕೆ ಠಾಣೆಯಲ್ಲಿ, ಮೊಹರು ಮಾಡಿದ್ದ ಬಟ್ಟೆಯನ್ನು ಬಿಚ್ಚಿ ಬೋಗುಣಿಯನ್ನು ನನ್ನ ಮುಂದೆ ಇರಿಸಲಾಯಿತು. ಅದನ್ನು ವಶಕ್ಕೆ ತೆಗೆದುಕೊಂಡಾಗ ಶ್ರೀ ಮೋಹನ್ ಅವರ ಸ್ಟೋರ್ ರೂಮಿನ ಮೂಲೆಯಲ್ಲಿ ತೊಳೆಯದೆಯೇ ಇತ್ತೆಂದು ತಿಳಿದೆ. ಕಂಠದ ಮೇಲಿನ ಅಕ್ಷರಗಳನ್ನು ಓದಬಲ್ಲವರು ಠಾಣೆಯಲ್ಲಿ ಯಾರೂ ಇಲ್ಲದ್ದರಿಂದ ನಿರೀಕ್ಷಕರು ನನ್ನನ್ನೇ ಓದಲು ಹೇಳಿದರು. ಕನ್ನಡಕ ಹಾಕಿಕೊಂಡು, ಪಾತ್ರೆಯನ್ನು ಮುಟ್ಟದೆ, ಅದರ ಸುತ್ತ ನಡೆದು ಓದಿದೆ. “ಚಿ. ಸೌ. ಚಿಕ್ಕತಾಯಮ್ಮನಿಗೆ ತವರಿನ ಬಳುವಳಿ” ಎಂದಿತ್ತು. ತಮಿಳಿನಲ್ಲಿ ಅದರ ಅರ್ಥವನ್ನೂ ಹೇಳಿದೆ: ಮದುವೆಯಾಗಿ ಹೊರಟ ಮಗಳಿಗೆ ತಾಯಿಮನೆಯವರು ಕೊಟ್ಟದ್ದು.

ಶ್ರೀ ಮೋಹನ್ ಅವರು ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತಿದ್ದರು. “ಇನ್ನೊಂದ್ಸಲ ಓದಿ ಸಾರ್” ಎಂದರು. ಓದಿದೆ. ಅದು ತಮ್ಮ ತಂದೆಯ ತಾಯಿಯ ಹೆಸರು, ತಾವು ಆರು ವರ್ಷದವರೆಗೆ ಬೆಳೆದದ್ದು ಆಕೆಯ ಮಡಿಲಲ್ಲಿ ಎಂದರು. ಕನ್ನಡ ಓದಲು ಬಾರದ್ದರಿಂದ ಆ ಗೆರೆ ಹೂಬಳ್ಳಿಯ ಕೆತ್ತನೆಯೆಂದು ಭಾವಿಸಿದ್ದುದಾಗಿ ಹೇಳಿದರು. ಹರಿದಾಸರಾಯರು ಬೇರೆಲ್ಲೋ ಕುಡಿದರು ಎಂಬ ತಮ್ಮ ಮಾತನ್ನು ತೆಗೆದುಹಾಕಬೇಕೆಂದು ನಿರೀಕ್ಷಕರನ್ನು ತಾವಾಗಿಯೇ ಕೇಳಿಕೊಂಡರು.

ಆಮೇಲೆ ಬೋಗುಣಿಯ ಬಳಿಗೆ ಬಂದು ಒಳಗೆ ನೋಡಿದರು. ತಳದಲ್ಲಿ ನಮ್ಮ ಎಂಜಲು ಕಪ್ಪಾಗಿ ಒಣಗಿ ಹಿಡಿದಿತ್ತು. ಒಂದು ಸಲ ತೊಳೆದುಕೊಡುತ್ತೇನೆ, ಆಮೇಲೆ ನೀವೇ ಇಟ್ಟುಕೊಳ್ಳಿ ಎಂದರು. ನಿರೀಕ್ಷಕರು ಆಗದು ಎಂದರು. ಪ್ರಕರಣ ಮುಗಿಯುವವರೆಗೆ ಅದನ್ನು ತೊಳೆಯುವಂತಿಲ್ಲ, ಒಳಗಿರುವುದೇ ಸಾಕ್ಷ್ಯ ಎಂದು ತಿಳಿಸಿದರು. ಎಷ್ಟು ವರ್ಷ ಆಗಬಹುದು ಎಂದು ಶ್ರೀ ಮೋಹನ್ ಕೇಳಿದರು. ಅದನ್ನು ಹೇಳಲಾಗದು ಎಂದರು. ಪೇದೆಯೊಬ್ಬರು ಬೋಗುಣಿಯನ್ನು ಮತ್ತೆ ಅದೇ ಬಟ್ಟೆಯಲ್ಲಿ ಕಟ್ಟಿ, ನನ್ನ ಎದುರಿನಲ್ಲಿಯೇ ಅರಗು ಹಾಕಿದರು.

ನಾನು ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಯಾರಿಂದ ಕೇಳಿದೆನೆಂಬುದರ ಸಹಿತ, ಯಾರ ಒತ್ತಾಯವೂ ಇಲ್ಲದೆ ಬರೆದಿದ್ದೇನೆ. ಇದನ್ನು ತಮಿಳಿಗೆ ತಿರುಗಿಸಿದ್ದನ್ನು ಕೇಳಿಸಿಕೊಂಡಿದ್ದೇನೆ, ಅದು ಸರಿಯಾಗಿದೆ. ಇದರಲ್ಲಿರುವುದೆಲ್ಲ ನನ್ನ ತಿಳಿವಿನ ಮಟ್ಟಿಗೆ ಸತ್ಯ.

ಸ್ಥಳ: ಚೆನ್ನೈ
ದಿನಾಂಕ: ೧೪-೮-೨೦೦೩, ಗುರುವಾರ

(ಸಹಿ) ಕೃಷ್ಣರಾಜ