ಪೆಟ್ಟಿಗೆಯ ಮೇಲಿನ ಕೈ

ಊರು ಯಾವುದೆಂದು ಕೇಳಬೇಡಿ, ಹೇಳಿದರೆ ನಮ್ಮೂರೇ ಎನ್ನುತ್ತೀರಿ. ಅಲ್ಲೊಬ್ಬ ಶ್ರೀಮಂತನಿದ್ದ. ಅವನಿಗೆ ಸಂಗೀತದ ಹುಚ್ಚು. ಎಲ್ಲೆಲ್ಲೋ ಹುಡುಕಿ ಹಳೆಯ ಕಾಲದ ವಾಲ್ವ್ ಆಂಪ್ಲಿಫೈಯರ್ ಒಂದನ್ನು ತರಿಸಿದ್ದ. ನೋಡಿ, ಬಲ್ಬಿನಂಥ ಗಾಜಿನ ವಾಲ್ವುಗಳು ಕೆಂಪಗೆ ಕಾದ ಮೇಲೆ ನಿಧಾನವಾಗಿ ಹಾಡು ಹೊರಡುವ ಕಬ್ಬಿಣದ ಪೆಟ್ಟಿಗೆ ಅದು. ಪ್ರತಿ ಭಾನುವಾರ ಸಂಜೆ ಊರಿನ ದೊಡ್ಡವರನ್ನು ಕರೆದು ಕೇಳಿಸುತ್ತಿದ್ದ.

ಒಂದೇ ಕೊರತೆ. ಹಾಡಿನ ಹಿಂದೆ ಗುಂಯ್ ಎಂಬ ಸದ್ದು. ಹಾಡು ನಿಂತರೂ ಅದು ನಿಲ್ಲದು. ವಾಲ್ವ್ ಬದಲಾಯಿಸಿದ, ಗುಂಯ್. ವೈರು ಬದಲಾಯಿಸಿದ, ಗುಂಯ್. ಕೊನೆಗೆ ಪೇಟೆಯ ರೇಡಿಯೊ ರಿಪೇರಿಯ ಹಿರಿಯರೊಬ್ಬರು ಬಂದು ನೋಡಿದರು. ಮನೆಗೇ ಅರ್ಥಿಂಗ್ ಇಲ್ಲ, ಅಂಗಳದಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ನೆಲಕ್ಕೊಂದು ತಂತಿ ಇಳಿಸಬೇಕು ಎಂದರು. ಶ್ರೀಮಂತ ಅಂಗಳ ನೋಡಿದ. ಹೋದ ವರ್ಷವಷ್ಟೇ ಹಾಸಿದ, ಮುಖ ಕಾಣುವಂಥ ಗ್ರಾನೈಟ್. ಅದನ್ನು ಒಡೆಯುವುದೇ? ನೋಡೋಣ ಎಂದ. ಹರಕೆ ತೀರಿಸುವ ಮಾತು ಬಂದಾಗ ನಾವು ದೇವರಿಗೆ ಹೇಳುವುದಿಲ್ಲವೇ, ಹಾಗೆ.

ಒಂದು ದಿನ ಹಾಡು ನಡೆಯುತ್ತಿದ್ದಾಗ ಅವನ ಹೆಂಡತಿ ಧೂಳು ಒರೆಸುತ್ತ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಗುಂಯ್ ನಿಂತಿತು. ಕೈ ತೆಗೆದಳು, ಬಂತು. ಇಟ್ಟಳು, ಹೋಯಿತು. ಶ್ರೀಮಂತನಿಗೆ ಸ್ವರ್ಗಕ್ಕೆ ಮೂರೇ ಗೇಣು. ಕಲ್ಲು ಉಳಿಯಿತಲ್ಲ! ಅಂದಿನಿಂದ ಭಾನುವಾರ ಸಂಜೆ ಅವಳಿಗೆ ಒಂದೇ ಕೆಲಸ, ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂರುವುದು. ನೆಲ ತಣ್ಣಗಿದೆಯೆಂದು ಮಣೆ ಹಾಕಿಕೊಂಡಳು, ಸದ್ದು ಮರಳಿತು, ಮಣೆ ತೆಗೆಸಿದ. ಕೈ ಜುಮುಜುಮು ಎನ್ನುತ್ತದೆ ಎಂದಳು. ಸಂಗೀತ ಮೈಗೆ ಹತ್ತುವ ಲಕ್ಷಣ ಅದು ಎಂದ. ಬಂದವರೆಲ್ಲ ತಲೆದೂಗಿ, ಇವರ ಮನೆಯಾಕೆಗೆ ಸಂಗೀತದಲ್ಲಿ ಎಂಥ ಭಕ್ತಿ ಎಂದರು.

ಒಮ್ಮೆ ಹೊಸ ವಾಲ್ವ್ ಹಾಕಲು ಬಂದ ಆ ರಿಪೇರಿಯ ಹಿರಿಯರು, ಹಾಡು ಕೇಳಿಯೇ ಹೋಗೋಣವೆಂದು ಕೂತರು. ಆಕೆ ಬರಿಗಾಲಲ್ಲಿ ಬಂದು ನೆಲದ ಮೇಲೆ ಕೂತು ಕೈಯಿಟ್ಟಳು. ಅವರು ದಡಕ್ಕನೆ ಎದ್ದು, ಆಕೆಯ ಕೈ ತೆಗೆಸಿ, ಪೆಟ್ಟಿಗೆಗೆ ಟೆಸ್ಟರ್ ಮುಟ್ಟಿಸಿದರು. ಟೆಸ್ಟರಿನ ದೀಪ ಹೊತ್ತಿಕೊಂಡಿತು. ಎಲ್ಲರೆದುರು ಗುಂಯ್ ಎನ್ನುತ್ತಿದ್ದ ಪೆಟ್ಟಿಗೆ ನೋಡಿ ಶ್ರೀಮಂತನ ಮುಖ ಸಪ್ಪಗಾಯಿತು. ಚೆನ್ನಾಗಿ ನಡೆಯುತ್ತಿತ್ತಲ್ಲ ಎಂದು ರೇಗಿದ.

"ನಡೀತಿತ್ತು ಸ್ವಾಮಿ," ಎಂದರು ಹಿರಿಯರು. "ಪೆಟ್ಟಿಗೇಲಿ ಕರೆಂಟು ಸೋರ್ತಾ ಇದೆ. ಅದು ಈ ತಾಯಿ ಮೈ ಹಾದು ನೆಲಕ್ಕೆ ಇಳೀತಿದೆ. ತಂತಿ ಹಾಕೋ ಜಾಗದಲ್ಲಿ ನೀವು ಹೆಂಡತೀನ ಹಾಕಿದೀರಿ. ಇವತ್ತು ಜುಮ್ಮನ್ನುತ್ತೆ. ನಾಳೆ ಜೀವಾನೇ ಹೋಗುತ್ತೆ."

ಶ್ರೀಮಂತ ಹೆಂಡತಿಯನ್ನು ನೋಡಿದ. ಅಂಗಳವನ್ನು ನೋಡಿದ. ಆಮೇಲೆ ಏನು ಕೇಳಿದ ಗೊತ್ತೇ?

"ಕಲ್ಲು ಒಡೀದೆ ಬೇರೆ ದಾರಿ ಇಲ್ವಾ?"

ಆಕೆ ಎದ್ದು ಒಳಗೆ ಹೋದಳು. ಮತ್ತೆಂದೂ ಆ ಪೆಟ್ಟಿಗೆ ಮುಟ್ಟಲಿಲ್ಲ.

ಈ ಕಡೆ ಕೂತ ಗಂಡಸರು ನಕ್ಕಿರಿ. ಆ ಕಡೆ ಕೂತ ತಾಯಂದಿರು ನಗಲಿಲ್ಲ, ನಾನು ನೋಡಿದೆ. ಯಾಕೆ ನಗಲಿಲ್ಲ? ನಮ್ಮ ಮನೆಯಲ್ಲಿ ಒಂದು ಸದ್ದಿಲ್ಲ, ಬಹಳ ಶಾಂತಿ ಎನ್ನುತ್ತೀರಿ. ಸಂತೋಷ. ಯಾರ ಕೈ ಇದೆ ಅದರ ಮೇಲೆ? ನಿಮ್ಮ ಸಿಟ್ಟು ದಿನಾ ಯಾರ ಮೈ ಹಾದು ಇಳಿಯುತ್ತಿದೆ? ಎಲ್ಲವನ್ನೂ ನುಂಗಿಕೊಂಡು ಕೂತವರನ್ನು ತಾಳ್ಮೆಯ ಮೂರ್ತಿ ಎಂದು ಹೊಗಳಿ ಕೈ ತೊಳೆದುಕೊಳ್ಳುತ್ತೀರಿ. ಹೊಗಳಬೇಡಿ, ನಿಮ್ಮ ಹೊಗಳಿಕೆ ಅವರಿಗೆ ಬೇಕಿಲ್ಲ. ಇವತ್ತು ಮನೆಗೆ ಹೋಗಿ, ಎಲ್ಲಿ ನೋಯುತ್ತಿದೆ ಎಂದು ಕೇಳಿ. ಅವರು ಹೇಳುವಾಗ ವಾದಕ್ಕೆ ಇಳಿಯಬೇಡಿ. ಆಮೇಲೆ ನಿಮ್ಮ ಗ್ರಾನೈಟ್ ಯಾವುದೋ, ಹಠವೋ, ನಾಲ್ಕು ಜನರೆದುರಿನ ಹೆಸರೋ, ಅದನ್ನು ಒಡೆಯಿರಿ. ಮತ್ತೆ ಹಾರೆ ಹಿಡಿಯುವುದಕ್ಕೂ ಹೆಂಡತಿಯನ್ನೇ ಕರೆಯಬೇಡಿ.