ಯಂತ್ರಕ್ಕೆ ಎದುರುತ್ತರ

ನನ್ನ ಮಂಡಿಯ ಸ್ಕ್ಯಾನಿನ ಸರದಿಗಾಗಿ ಎಂಆರ್‌ಐ ಕೋಣೆಯ ಹೊರಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಈಜು ಕಲಿಸುವ ಒಬ್ಬ ತಾಯಿ; ಜೊತೆಗೆ, ಆಕೆ ಬಿಚ್ಚಿಕೊಟ್ಟ ಬಳೆ, ಓಲೆಗಳನ್ನು ಮಡಿಲಲ್ಲಿಟ್ಟುಕೊಂಡ ಮಗಳು.

“ಅಮ್ಮಾ, ಈ ಸಲವಾದ್ರೂ ಬಾಯಿ ಮುಚ್ಕೊಂಡಿರು.”

“ಊರಿನ ಅರ್ಧ ಮಕ್ಕಳಿಗೆ ಉಸಿರು ಹಿಡಿಯೋದು ಕಲಿಸಿದವಳಿಗೆ ನೀನು ಪಾಠ ಹೇಳ್ತೀಯಾ?”

“ಹಿಡಿದಿದ್ರೆ ಇವತ್ತು ಮತ್ತೆ ಯಾಕೆ ಕರೀತಿದ್ರು? ಯಂತ್ರದೊಳಗಿನ ಧ್ವನಿ ‘ಉಸಿರು ಹಿಡಿಯಿರಿ’ ಅಂದಾಗೆಲ್ಲ ನೀನು ‘ಹಿಡ್ದೆ ಕಣಪ್ಪಾ’ ಅಂದ್ಯಂತೆ!”

“ಮಾತಾಡಿಸಿದವರಿಗೆ ಉತ್ತರ ಕೊಡೋದು ಬೇಡ್ವಾ?”

“ಅದು ರೆಕಾರ್ಡಿಂಗ್ ಅಮ್ಮಾ!”

“ಆದ್ರೂ ಗತ್ತು ಥೇಟ್ ನಿಮ್ಮಪ್ಪಂದೇ. ‘ಉಸಿರೂ... ಹಿಡಿಯಿರೀ.’” ತಾಯಿ ಮೂಗಿನಲ್ಲೇ ಅಣಕಿಸಿದರು. “ನೀರೊಳಗೆ ನನಗೆ ಯಾರೂ ಹುಕುಂ ಮಾಡಲ್ಲ.”

“ಶ್ವಾಸಕೋಶದಿಂದ ಹೃದಯಕ್ಕೆ ಬರೋ ರಕ್ತನಾಳ ಕಿರಿದಾಗಿದ್ಯಾ, ರಕ್ತ ಎಷ್ಟು ಹರೀತಿದೆ ಅಂತ ಅಳೀಬೇಕು. ನೀನು ಮಾತಾಡಿದ್ರೆ ಅಳತೆ ಕೆಡುತ್ತೆ. ಅಳತೆ ಸಿಗದಿದ್ರೆ ಡಾಕ್ಟರು ಕೊಳಕ್ಕೆ ಇಳಿಯೋಕೆ ಬಿಡಲ್ಲ.”

“ಬಿಡದೇ ಏನು? ಅವರ ಹೆಂಡ್ತಿಗೆ ಈಜು ಕಲಿಸಿದ್ದು ಯಾರು ಅಂತ ಕೇಳು. ಸೋಮವಾರ ನಾನು ನೀರಲ್ಲಿರ್ತೀನಿ.”

“ನಾಳ ಕಿರಿದಾಗಿದ್ರೆ?”

ತಾಯಿ ಬರಿಗೈಯನ್ನು ಒಮ್ಮೆ ಉಜ್ಜಿಕೊಂಡರು.

“ಆಗಿದ್ರೆ ಅಗಲ ಮಾಡ್ಲಿ. ಹೆದರಿಕೊಂಡು ದಡದಲ್ಲಿ ಕೂರೋಳಲ್ಲ ನಾನು.”

ಬಾಗಿಲು ತೆರೆಯಿತು. ಸ್ಕ್ಯಾನ್ ಮಾಡುವ ಹುಡುಗಿ ನಗುತ್ತಾ ಕೇಳಿದಳು: “ಬನ್ನಿ ಆಂಟಿ. ಈ ಸಲ ಎದುರುತ್ತರ ಇಲ್ಲ ತಾನೆ?”

“ಒಳಗೆ ಇಲ್ಲಮ್ಮಾ. ಎಲ್ಲ ಸೇರಿಸಿ ಹೊರಗೆ ಬಂದ ಮೇಲೆ ಕೊಡ್ತೀನಿ.”

ಆಮೇಲೆ ಕೆನ್ನೆಯುಬ್ಬಿಸಿ ಉಸಿರು ತುಂಬಿಕೊಂಡು, ಕೊಳಕ್ಕೆ ಹಾರುವವರಂತೆ ಎರಡೂ ಕೈ ಮುಂದಕ್ಕೆ ಚಾಚಿ, ಒಳಗೆ ನಡೆದರು.